ಮೈಮೇಲಿನ ಗಂಟು, ನರೂಲಿ: ತೆಗೆಸುವ ಮುನ್ನ ತಿಳಿಯಬೇಕಾದ ವಿಷಯಗಳು



ಸಿದ್ದಾಪುರದ ಸುತ್ತಿನ ಗದ್ದೆ, ತೋಟಗಳಿಗೆ ಹೋದಾಗ, ಬೆಳೆಯ ಮಾತು ಮುಗಿದ ಮೇಲೆ ಕೆಲವರು ಅಂಗಿಯ ಕಾಲರು ಸರಿಸಿ ಕುತ್ತಿಗೆಯ ಗಂಟನ್ನು ತೋರಿಸುವುದುಂಟು. "ಇದಕ್ಕೆ ಏನಾದರೂ ಔಷಧ ಉಂಟಾ?" ಎಂದು ಕೇಳುತ್ತಾರೆ. ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಆದರೆ ನನ್ನ ಹೆಗಲಿನಲ್ಲೂ ನಿಂಬೆಹಣ್ಣಿನ ಗಾತ್ರದ ಕೊಬ್ಬಿನ ಗಂಟೊಂದಿತ್ತು. ಸಿಂಪರಣಾ ಯಂತ್ರದ ಪಟ್ಟಿ ಅಲ್ಲಿಯೇ ಒತ್ತುತ್ತಿತ್ತು. ಹಲವು ವರ್ಷ ಹೆದರಿ ಮುಂದೂಡಿ, ಕೊನೆಗೆ ತೆಗೆಸಿದೆ. ಆಗ ವೈದ್ಯರಿಂದ ತಿಳಿದುಕೊಂಡ ಸಂಗತಿಗಳು ನಿಮಗೂ ಉಪಯುಕ್ತವಾಗಬಹುದು.

ಎಲ್ಲ ಗಂಟೂ ಒಂದೇ ಅಲ್ಲ

ಕಳೆ ತೆಗೆಯುವ ಮೊದಲು ಅದು ಯಾವ ಕಳೆಯೆಂದು ಗುರುತಿಸುತ್ತೇವೆ. ಇಲ್ಲಿಯೂ ಹಾಗೆಯೇ.

ಕೊಬ್ಬಿನ ಗಂಟು ಮೆತ್ತಗಿದ್ದು, ಬೆರಳಿನಿಂದ ಒತ್ತಿದರೆ ಚರ್ಮದಡಿ ಜಾರುತ್ತದೆ. ಸಾಮಾನ್ಯವಾಗಿ ನೋವಿರುವುದಿಲ್ಲ. ಚೀಲದ ಗಂಟಿನ ನಡುವೆ ಹಲವು ಬಾರಿ ಸಣ್ಣ ಕಪ್ಪು ಚುಕ್ಕೆ ಕಾಣುತ್ತದೆ. ಒಳಗೆ ಗಟ್ಟಿ ಮೊಸರಿನಂತಹ ವಾಸನೆಯ ವಸ್ತು ಇರುತ್ತದೆ. ಕುತ್ತಿಗೆ, ಕಂಕುಳಲ್ಲಿ ಜೋತುಬೀಳುವ ಸಣ್ಣ ಚರ್ಮದ ತುಣುಕುಗಳು ನಿರಪಾಯಕಾರಿ. ಆದರೆ ಇವು ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು ಕಾಣುವುದರಿಂದ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ನರೂಲಿಯು ವೈರಸ್ಸಿನಿಂದ ಬರುತ್ತದೆ ಮತ್ತು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಮಕ್ಕಳ ನರೂಲಿ ಹೆಚ್ಚಾಗಿ ಎರಡು ವರ್ಷದೊಳಗೆ ತಾನಾಗಿಯೇ ಉದುರುತ್ತದೆ.

ಮನೆಯಲ್ಲಿ ಮಾಡಬಾರದ ಕೆಲಸ

ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ನಮ್ಮ ಕಡೆ ರೂಢಿ. ಗೇರುಬೀಜ ಸುಲಿಯುವವರ ಕೈ ಸುಡುವುದು ಇದೇ ಎಣ್ಣೆಯಿಂದ. ಅದು ನರೂಲಿಯ ಜೊತೆಗೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಸುಣ್ಣ ಮತ್ತು ವಾಷಿಂಗ್ ಸೋಡಾ ಬೆರೆಸಿದರೆ ಕಾಸ್ಟಿಕ್ ಸೋಡಾ ಉಂಟಾಗುತ್ತದೆ. ಅದೂ ಅಷ್ಟೇ ಅಪಾಯಕಾರಿ. ಬ್ಲೇಡಿನಿಂದ ಕೊಯ್ಯುವುದು, ಕೂದಲಿನಿಂದ ಬಿಗಿದು ಕಟ್ಟುವುದು ಬೇಡ. ಚೀಲದ ಗಂಟನ್ನು ಹಿಸುಕಿದರೆ ಒಳಗಿನದು ಹೊರಬರುತ್ತದೆಯೇ ಹೊರತು ಚೀಲ ಉಳಿಯುತ್ತದೆ. ಗಡ್ಡೆ ಬಿಟ್ಟು ಎಲೆ ಕಿತ್ತ ಜೇಕಿನಂತೆ ಅದು ಮತ್ತೆ ಬೆಳೆಯುತ್ತದೆ.

ಶಸ್ತ್ರಚಿಕಿತ್ಸೆ ಹೇಗೆ?

ಸಣ್ಣ ಗಂಟಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯವಿಲ್ಲ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಚರ್ಮ ಸೀಳಿ, ಗಂಟನ್ನು ಇಡಿಯಾಗಿ ತೆಗೆದು ಹೊಲಿಗೆ ಹಾಕುತ್ತಾರೆ. ನನಗೆ ನೋವಾದದ್ದು ಚುಚ್ಚುಮದ್ದು ಕೊಟ್ಟಾಗ ಮಾತ್ರ. ಸಾಮಾನ್ಯವಾಗಿ ಮುಖದ ಹೊಲಿಗೆಯನ್ನು ಸುಮಾರು 5 ರಿಂದ 7 ದಿನಕ್ಕೆ, ಬೆನ್ನು ಮತ್ತು ಕೈಕಾಲಿನದನ್ನು 10 ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಜೋತುಬಿದ್ದ ತುಣುಕುಗಳನ್ನು ವಿದ್ಯುತ್ ಸಲಾಕೆಯಿಂದ ಸುಟ್ಟು ತೆಗೆಯುವುದುಂಟು. ನರೂಲಿಯನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುತ್ತಾರೆ. ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯ ಕಾಪಿಡುವ ಜಾಡಿಯಲ್ಲಿರುವುದೂ ಇದೇ. ಇದರ ಶೈತ್ಯ ಮೈನಸ್ 196 ಡಿಗ್ರಿ ಸೆಲ್ಸಿಯಸ್. ವೈದ್ಯರಲ್ಲದವರು ಇದನ್ನು ಪ್ರಯೋಗಿಸಬಾರದು.

ಸಕ್ಕರೆ ಕಾಯಿಲೆ ಇದ್ದರೆ, ರಕ್ತ ತೆಳುಮಾಡುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ತೆಗೆದ ಗಂಟನ್ನು ಪ್ರಯೋಗಶಾಲೆಯ ಪರೀಕ್ಷೆಗೆ ಕಳುಹಿಸಬೇಕೇ ಎಂದು ಕೇಳಿರಿ.

ಕಾಲ ನೋಡಿ ತೆಗೆಸಿರಿ

ಕೃಷಿಕರಿಗೆ ಇದು ಬಹು ಮುಖ್ಯ. ನಾಟಿಯ ದಿನಗಳಲ್ಲಿ ಹಸಿ ಗಾಯದೊಂದಿಗೆ ಗದ್ದೆಗೆ ಇಳಿಯುವುದು ಅಪಾಯ. ಇಲಿಜ್ವರದ ರೋಗಾಣು ಕೆಸರುನೀರಿನಿಂದ ಗಾಯದ ಮೂಲಕ ಮೈ ಸೇರುತ್ತದೆ. ಮಣ್ಣಿನಲ್ಲಿ ವಾಸಿಸುವ ಮೆಲಿಯಾಯ್ಡೋಸಿಸ್ ರೋಗಾಣುವೂ ಹಾಗೆಯೇ. ಉಡುಪಿ ಕರಾವಳಿಯಲ್ಲಿ ಈ ರೋಗ ಕಂಡುಬಂದಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೆಚ್ಚು ಬಾಧಕ. ಆದ್ದರಿಂದ ನಿರಪಾಯದ ಗಂಟನ್ನು ಕೊಯ್ಲು ಮುಗಿದ ಬಳಿಕ, ಒಣ ಹವೆಯಲ್ಲಿ ತೆಗೆಸುವುದು ಲೇಸು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರಲ್ಲಿ ವಿಚಾರಿಸಿರಿ. ಗಾಯ ಪೂರ್ತಿ ಕೂಡುವವರೆಗೆ ಗೊಬ್ಬರ, ಕೆಸರು ಮುಟ್ಟಬೇಡಿ. ಹೆಗಲ ಗಾಯವಾದರೆ ಹೊರೆ ಹೊರಬೇಡಿ.

ಇವುಗಳಿಗೆ ಮಾತ್ರ ಕಾಯಬೇಡಿ

1. ಬೇಗ ಬೇಗ ದೊಡ್ಡದಾಗುವ, ಅಥವಾ 5 ಸೆಂಟಿಮೀಟರಿಗಿಂತ ದೊಡ್ಡದಾದ ಗಂಟು.
2. ಗಟ್ಟಿಯಾಗಿ ಒಳಗೆ ಅಂಟಿಕೊಂಡು ಜಾರದ ಗಂಟು.
3. ರಕ್ತ ಒಸರುವ ಗಂಟು, ಹಲವು ವಾರವಾದರೂ ಮಾಯದ ಹುಣ್ಣು.
4. ಬಣ್ಣ, ಅಂಚು ಬದಲಾಗುವ ಮಚ್ಚೆ; ಮುಖ್ಯವಾಗಿ ಅಂಗಾಲಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಕಲೆ.

ಇವು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಇಂತಹವುಗಳಿಗೆ ನಾಟಿ, ಕೊಯ್ಲು ಎಂದು ದಿನ ನೋಡದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಅಲ್ಲಿಂದ ಕುಂದಾಪುರ, ಉಡುಪಿ ಇಲ್ಲವೇ ಮಣಿಪಾಲದ ಆಸ್ಪತ್ರೆಗೆ ಹೋಗಲು ಹೇಳಿದರೆ ತಡಮಾಡಬೇಡಿರಿ.

ನೋವಿಲ್ಲದ, ಬೆಳೆಯದ, ಕೆಲಸಕ್ಕೆ ಅಡ್ಡಿಯಾಗದ ಗಂಟನ್ನು ವೈದ್ಯರಿಗೊಮ್ಮೆ ತೋರಿಸಿ ಹಾಗೆಯೇ ಬಿಟ್ಟರೂ ತೊಂದರೆಯಿಲ್ಲ. ತೆಗೆಸಲೇಬೇಕೆಂಬ ನಿಯಮವಿಲ್ಲ; ತೋರಿಸಲೇಬೇಕು ಎಂಬುದಷ್ಟೇ ನಿಯಮ.