ಮಳೆಯ ಲೆಕ್ಕ ಓದುವ ಬಗೆ

2024ರ ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದೇ ದಿನದಲ್ಲಿ ನಗರ ಅಷ್ಟು ಮಳೆ ಕಂಡದ್ದು ಅದೇ ಮೊದಲು. ಅದಕ್ಕೂ ಹಿಂದಿನ ದಾಖಲೆ 1891ರ ಜೂನ್ 16ರದ್ದು, 101.6 ಮಿ.ಮೀ. ಇಡೀ ಜೂನ್‌ನಲ್ಲಿ ಬೆಂಗಳೂರಿಗೆ ಬೀಳುವ ವಾಡಿಕೆ ಮಳೆಯೂ ಹೆಚ್ಚುಕಡಿಮೆ ಇಷ್ಟೇ. ಉಳಿದ ದಿನಗಳಲ್ಲಿ ಒಂದು ಹನಿ ಬೀಳದೆ ಹೋಗಿದ್ದರೂ ಆ ತಿಂಗಳ ಪಟ್ಟಿಯಲ್ಲಿ ‘ವಾಡಿಕೆಯಷ್ಟು ಮಳೆ’ ಎಂದೇ ನಮೂದಾಗುತ್ತಿತ್ತು. ಹವಾಮಾನ ಕೇಂದ್ರದ ಮಾಸಿಕ ದಾಖಲೆಯಲ್ಲಿ ನಾವು ಮೊದಲು ನೋಡುವುದು ಒಟ್ಟು ಮಳೆಯನ್ನು. ಆದರೆ ಅದೊಂದನ್ನೇ ನೋಡಿ ತಿಂಗಳು ಹೇಗಿತ್ತೆಂದು ಹೇಳಲಾಗದು. ಪಕ್ಕದ ಅಂಕಣಗಳನ್ನೂ ಜೊತೆಗಿಟ್ಟು ಓದಿದರೆ ಮಾತ್ರ ಲೆಕ್ಕದ ಅರ್ಥ ಬಿಡುತ್ತದೆ.

ಈ ಅಂಕಿಗಳು ಹುಟ್ಟುವುದು ಬಹಳ ಸರಳವಾದ ಒಂದು ಉಪಕರಣದಲ್ಲಿ. ಸಾಮಾನ್ಯ ಮಳೆಮಾಪಕವೆಂದರೆ ಬಾಯಿಗೆ ಆಲಿಕೆ ಕೂರಿಸಿದ ಒಂದು ಪಾತ್ರೆ, ಅದರೊಳಗೆ ನೀರು ಸಂಗ್ರಹವಾಗುವ ಶೀಸೆ. ನಮ್ಮಲ್ಲಿ ಬಳಕೆಯಲ್ಲಿರುವ ಫೈಬರ್‌ಗ್ಲಾಸ್ ಮಾಪಕಗಳ ಒಂದು ಮಾದರಿಯಲ್ಲಿ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್. ಅದಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಶೀಸೆಯಲ್ಲಿ ಸೇರುವುದು 20 ಮಿಲಿಲೀಟರ್ ನೀರು. ಅಳೆಯುವ ಗಾಜಿನ ಮೇಲಿನ ಗೆರೆಗಳನ್ನು ಈ ಲೆಕ್ಕಕ್ಕೆ ಹೊಂದಿಸಿಯೇ ಎಳೆದಿರುತ್ತಾರೆ. ಬೇರೆ ಅಳತೆಯ ಮಾಪಕದ ಗಾಜು ತಂದು ಅಳೆದರೆ ಅಂಕಿ ಪೂರ್ತಿ ತಪ್ಪುತ್ತದೆ. ಗಾಜಿಗೆ ಸುರಿದ ನೀರು ಅಂಚಿನಲ್ಲಿ ತುಸು ಮೇಲೇರಿ ನಡುವೆ ತಗ್ಗಾಗಿ ನಿಲ್ಲುತ್ತದೆ. ಓದುವವರು ಗಾಜನ್ನು ಕಣ್ಣಿನ ಮಟ್ಟಕ್ಕೆ ತಂದು, ಆ ತಗ್ಗಿನ ತಳ ಯಾವ ಗೆರೆಯ ಮೇಲಿದೆ ಎಂದು ನೋಡಬೇಕು.

ಈ ಕೆಲಸಕ್ಕೆ ದೇಶದಾದ್ಯಂತ ಒಂದೇ ಹೊತ್ತು, ಬೆಳಿಗ್ಗೆ 8.30. ಆ ಹೊತ್ತಿಗೆ ಅಳೆದದ್ದು ಹಿಂದಿನ 24 ಗಂಟೆಗಳ ಮಳೆ, ಅದನ್ನು ಬರೆಯುವುದು ಅಳೆದ ದಿನದ ತಾರೀಕಿಗೆ. ಹಾಗಾಗಿ ಜುಲೈ 31ರ ರಾತ್ರಿ ನಿಮ್ಮೂರಲ್ಲಿ ಹುಯ್ದ ಮಳೆ ಆಗಸ್ಟ್ 1ರ ಲೆಕ್ಕಕ್ಕೆ ಹೋಗುತ್ತದೆ. ‘ಅವತ್ತು ಅಷ್ಟು ಮಳೆ ಬಂತು, ಪಟ್ಟಿಯಲ್ಲಿ ಸೊನ್ನೆ ತೋರಿಸಿದ್ದಾರೆ’ ಎಂಬ ದೂರುಗಳಲ್ಲಿ ಹಲವಕ್ಕೆ ಉತ್ತರ ಇಲ್ಲಿಯೇ ಸಿಗುತ್ತದೆ.

ಒಂದು ಮಿ.ಮೀ. ಎಂದರೆ ಎಷ್ಟು? ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆ ಲೆಕ್ಕದಲ್ಲಿ ಸುಮಾರು 4,047 ಲೀಟರ್. ಹತ್ತು ಮಿ.ಮೀ. ಮಳೆ ಹೊಲದ ಎಕರೆಗೆ ನಲವತ್ತು ಸಾವಿರ ಲೀಟರ್ ನೀರು ಕೊಟ್ಟ ಹಾಗೆ.

ಈಗ ಪಟ್ಟಿಯ ಎರಡನೆಯ ಅಂಕಣಕ್ಕೆ ಬನ್ನಿ. ಅಲ್ಲಿ ‘ಮಳೆಯ ದಿನಗಳು’ ಎಂದಿರುತ್ತದೆ. ನಾಲ್ಕು ಹನಿ ಉದುರಿದ ದಿನವೆಲ್ಲ ಇದಕ್ಕೆ ಸೇರುವುದಿಲ್ಲ. ಭಾರತೀಯ ಹವಾಮಾನ ಇಲಾಖೆಯ ಪ್ರಕಾರ ಕನಿಷ್ಠ 2.5 ಮಿ.ಮೀ. ಬಿದ್ದರೆ ಮಾತ್ರ ಅದು ಮಳೆಯ ದಿನ. ಎರಡು ಊರುಗಳಲ್ಲಿ ತಿಂಗಳಿಗೆ 120 ಮಿ.ಮೀ. ಮಳೆಯಾಗಿದೆ ಎಂದುಕೊಳ್ಳಿ. ಒಂದು ಊರಲ್ಲಿ ಅದು ಹನ್ನೆರಡು ದಿನ ಹದವಾಗಿ ಬಿತ್ತು. ಇನ್ನೊಂದರಲ್ಲಿ ಒಂದೇ ರಾತ್ರಿ 100 ಮಿ.ಮೀ. ಸುರಿದು, ಆಮೇಲೆ ಎರಡು ದಿನ ಹತ್ತತ್ತು ಮಿ.ಮೀ. ಬಂತು. ಮೊದಲ ಊರಲ್ಲಿ ಪೈರು ನಿಂತಿತು, ಅಂತರ್ಜಲಕ್ಕೂ ನೀರಿಳಿಯಿತು. ಎರಡನೆಯ ಊರಲ್ಲಿ ಬದು ಒಡೆದು ಮೇಲ್ಮಣ್ಣು ಹಳ್ಳ ಸೇರಿತು, ಮೂರನೆಯ ವಾರಕ್ಕೆ ಪೈರು ಬಾಡಿತು. ಒಟ್ಟು ಮೊತ್ತ ಎರಡಕ್ಕೂ ಒಂದೇ. ವ್ಯತ್ಯಾಸ ಕಾಣುವುದು ಮಳೆಯ ದಿನಗಳ ಅಂಕಣದಲ್ಲಿ. ಒಟ್ಟು ಮಳೆಯನ್ನು ಮಳೆಯ ದಿನಗಳಿಂದ ಭಾಗಿಸಿ ನೋಡುವ ಅಭ್ಯಾಸ ಮಾಡಿಕೊಂಡರೆ ಮಳೆಯ ಸ್ವಭಾವ ತಟ್ಟನೆ ತಿಳಿಯುತ್ತದೆ.

ಮೂರನೆಯ ಅಂಕಣ ವಾಡಿಕೆಗೆ ಹೋಲಿಸಿದ್ದು. ವಾಡಿಕೆ ಎಂದರೆ ಹೋದ ವರ್ಷದ ಮಳೆಯಲ್ಲ, ಹಲವು ದಶಕಗಳ ಸರಾಸರಿ. ಜಾಗತಿಕ ಪದ್ಧತಿಯಲ್ಲಿ ಇದಕ್ಕೆ ಕನಿಷ್ಠ ಮೂವತ್ತು ವರ್ಷದ ದಾಖಲೆ ಬೇಕು. ಇಲಾಖೆಯ ಜಿಲ್ಲಾವಾರು ಲೆಕ್ಕದಲ್ಲಿ ವಾಡಿಕೆಗಿಂತ ಶೇ 19ರಷ್ಟು ಹೆಚ್ಚು ಅಥವಾ ಕಡಿಮೆ ಬಿದ್ದರೂ ಅದು ‘ವಾಡಿಕೆ ಮಳೆ’ಯೇ. ಶೇ 20ರಿಂದ 59ರವರೆಗೆ ಕಡಿಮೆಯಾದರೆ ಕೊರತೆ, ಅದಕ್ಕೂ ಕೆಳಗಿಳಿದರೆ ತೀವ್ರ ಕೊರತೆ. ಪತ್ರಿಕೆಗಳ ನಕ್ಷೆಯಲ್ಲಿ ಒಂದೇ ಬಣ್ಣ ಹೊತ್ತ ಎರಡು ಜಿಲ್ಲೆಗಳ ನಡುವೆ ಹೀಗೆ ದೊಡ್ಡ ಅಂತರ ಇರಬಹುದು.

ಸರಾಸರಿ ಎಷ್ಟನ್ನು ಮುಚ್ಚಿಡುತ್ತದೆ ಎಂಬುದಕ್ಕೆ 2023ರ ಮುಂಗಾರಿಗಿಂತ ಬೇರೆ ನಿದರ್ಶನ ಬೇಡ. ದೇಶದ ಮಟ್ಟದಲ್ಲಿ ಆ ವರ್ಷ ನಾಲ್ಕು ತಿಂಗಳ ಮಳೆ ವಾಡಿಕೆಯ ಶೇ 94. ಆರರಷ್ಟು ಕೊರತೆ ಎಂದರೆ ದೊಡ್ಡದೇನೂ ಅನಿಸುವುದಿಲ್ಲ. ಆದರೆ ತಿಂಗಳುಗಳನ್ನು ಬಿಡಿಸಿ ನೋಡಿದರೆ ಜುಲೈನಲ್ಲಿ ಶೇ 13 ಹೆಚ್ಚು, ಆಗಸ್ಟ್‌ನಲ್ಲಿ ಶೇ 36 ಕಡಿಮೆ. 1901ರಿಂದೀಚೆಗೆ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ಕರ್ನಾಟಕದಲ್ಲಂತೂ ಜೂನ್ ಕೈಕೊಟ್ಟಿತು, ಜುಲೈ ಆಸೆ ಹುಟ್ಟಿಸಿತು, ಆಗಸ್ಟ್ ಸುಟ್ಟಿತು. ಕೊನೆಗೆ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು.

ನಮ್ಮ ರೈತರು ತಿಂಗಳ ಲೆಕ್ಕ ಹಿಡಿಯುವುದಿಲ್ಲ, ಮಳೆ ನಕ್ಷತ್ರದ ಲೆಕ್ಕ ಹಿಡಿಯುತ್ತಾರೆ. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಆ ವರ್ಷ ಆಗಸ್ಟ್ ಒಣಗಿತು ಎಂದರೆ ಆಶ್ಲೇಷ, ಮಖೆ ಎರಡೂ ಹುಸಿಹೋದವು ಎಂದರ್ಥ. ಹವಾಮಾನದ ದೃಷ್ಟಿಯಿಂದ ನಕ್ಷತ್ರಕ್ಕೂ ಮಳೆಗೂ ಕಾರ್ಯಕಾರಣ ಸಂಬಂಧವಿಲ್ಲ. ಆದರೆ ಬೆಳೆಯ ಅಗತ್ಯಕ್ಕೆ ತಕ್ಕಂತೆ ಕಾಲವನ್ನು ಹದಿನೈದು ದಿನಕ್ಕಿಂತ ಚಿಕ್ಕ ತುಂಡುಗಳಾಗಿ ನೋಡಿದ ಜಾಣ್ಮೆ ಅದರಲ್ಲಿದೆ. ಮಾಸಿಕ ದಾಖಲೆಯಲ್ಲಿ ಅನುಮಾನ ಬಂದಾಗ ದೈನಂದಿನ ದಾಖಲೆ ತೆರೆದು, ಸತತ ಎಷ್ಟು ದಿನ ಮಳೆ ಬಿಡುವು ಕೊಟ್ಟಿತ್ತು ಎಂದು ಎಣಿಸಿದರೆ ನಾವು ಮಾಡುವುದೂ ಅದನ್ನೇ.

ಇನ್ನು ಉಷ್ಣಾಂಶ. ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ, ಬಿಳಿ ಬಣ್ಣದ, ಜಾಲಂದ್ರದ ಗೋಡೆಗಳ ಮರದ ಪೆಟ್ಟಿಗೆಯೊಳಗೆ ಥರ್ಮಾಮೀಟರುಗಳಿರುತ್ತವೆ. ಬಿಸಿಲು ನೇರ ತಾಗಬಾರದು, ಗಾಳಿ ಮಾತ್ರ ಆಡಬೇಕು. ಹಾಗಾಗಿ ಪಟ್ಟಿಯಲ್ಲಿರುವುದು ನೆರಳಿನ ಗಾಳಿಯ ಉಷ್ಣಾಂಶ. ರಸ್ತೆಯ ಡಾಂಬರು, ಕಾರಿನ ಡ್ಯಾಶ್‌ಬೋರ್ಡ್ ತೋರಿಸುವ ಬಿಸಿಗೆ ಅದನ್ನು ಹೋಲಿಸಬಾರದು. ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿಸಿ ಅರ್ಧ ಮಾಡಿದ ಸರಾಸರಿಗಿಂತ ಅವೆರಡರ ಅಂತರ ಹೆಚ್ಚು ಹೇಳುತ್ತದೆ. ಬೆಂಗಳೂರಿನ ಮಾರ್ಚ್‌ನಲ್ಲಿ ಹಗಲು ಸುಮಾರು 33 ಡಿಗ್ರಿ, ರಾತ್ರಿ ಸುಮಾರು 19. ಜುಲೈನಲ್ಲಿ ಹಗಲು 28, ರಾತ್ರಿ 20ರ ಆಸುಪಾಸು. ಬೇಸಿಗೆಯ ಮಾರ್ಚ್‌ನ ರಾತ್ರಿಗಿಂತ ಮಳೆಗಾಲದ ಜುಲೈ ರಾತ್ರಿ ತುಸು ಬೆಚ್ಚಗೆ! ಮೋಡ ಹಗಲಿನಲ್ಲಿ ಬಿಸಿಲನ್ನು ತಡೆಯುತ್ತದೆ, ರಾತ್ರಿ ನೆಲದ ಬಿಸಿ ಮೇಲೇರಿ ಹೋಗದಂತೆಯೂ ತಡೆಯುತ್ತದೆ. ಅಂತರ ಕುಗ್ಗಿದ್ದರೆ ಆ ತಿಂಗಳು ಮೋಡ, ತೇವ ಹೆಚ್ಚಿತ್ತು. ಹಿಗ್ಗಿದ್ದರೆ ಆಕಾಶ ತೆರೆದಿತ್ತು, ಗಾಳಿ ಒಣಗಿತ್ತು.

ಇಂದು ಕರ್ನಾಟಕದ ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೂ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳಿವೆ. ಇಂಥ ಮಾಪಕಗಳ ಒಳಗೆ ಸಾಮಾನ್ಯವಾಗಿ ಮಕ್ಕಳ ಏರಿಳಿ ಹಲಗೆಯಂತೆ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಮಾದರಿಗೆ ತಕ್ಕಂತೆ 0.2 ಅಥವಾ 0.5 ಮಿ.ಮೀ.ಯಷ್ಟು ನೀರು ತುಂಬಿದೊಡನೆ ಒಂದು ಬಟ್ಟಲು ವಾಲಿ ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬರುತ್ತದೆ. ಎಷ್ಟು ಸಲ ವಾಲಿತೆಂಬ ಎಣಿಕೆಯೇ ಮಳೆಯ ಲೆಕ್ಕ. ಜೋರು ಮಳೆಯಲ್ಲಿ ಬಟ್ಟಲು ವಾಲುವಷ್ಟರಲ್ಲಿ ಒಂದಿಷ್ಟು ನೀರು ಎಣಿಕೆ ತಪ್ಪಿಸಿಕೊಳ್ಳುತ್ತದೆ. ಆಲಿಕೆಯ ಕಂಡಿಗೆ ಒಂದು ಎಲೆ ಸಿಕ್ಕಿಕೊಂಡರೆ ಲೆಕ್ಕವೇ ನಿಂತುಹೋಗುತ್ತದೆ. ಹಾಗೆಯೇ ಪಟ್ಟಿಯಲ್ಲಿ ಖಾಲಿ ಬಿಟ್ಟ ದಿನವನ್ನು ಸೊನ್ನೆ ಎಂದು ಓದಬಾರದು. ಸೊನ್ನೆ ಎಂದರೆ ಮಳೆಯಿಲ್ಲ, ಖಾಲಿ ಎಂದರೆ ಮಾಹಿತಿಯಿಲ್ಲ. ಆದರೆ ಅಕ್ಕಪಕ್ಕದ ಪಂಚಾಯಿತಿಗಳಲ್ಲೆಲ್ಲ ಮಳೆಯಾಗಿ ನಡುವಿನ ಒಂದರಲ್ಲಿ ಮಾತ್ರ ದಿನಗಟ್ಟಲೆ ಸೊನ್ನೆ ಕಂಡರೆ ಮೊದಲು ಮಾಪಕವನ್ನೇ ಶಂಕಿಸಬೇಕು.

ಇದು ಬರೀ ಕುತೂಹಲದ ಮಾತಲ್ಲ. ಮಲೆನಾಡಿನ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿರ್ಧಾರವಾಗುವುದು ಇಂಥ ಮಾಪಕಗಳ ಅಂಕಿಯಿಂದ. ಒಂದು ಎಲೆ, ಒಂದು ಜೇಡರ ಬಲೆ, ಪಕ್ಕದಲ್ಲಿ ಎದ್ದ ಒಂದು ಗೋಡೆ ಇಡೀ ಊರಿನ ಪರಿಹಾರವನ್ನು ಅತ್ತಿತ್ತ ಮಾಡಬಲ್ಲದು. ಮರವಾಗಲಿ ಕಟ್ಟಡವಾಗಲಿ ಮಾಪಕದಿಂದ ತನ್ನ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ನಿಮ್ಮ ಪಂಚಾಯಿತಿಯ ಮಾಪಕ ಎಲ್ಲಿದೆ, ಸುತ್ತ ಬಯಲಿದೆಯೇ ಎಂದು ಒಮ್ಮೆ ಹೋಗಿ ನೋಡಿ. ತಿಂಗಳ ದಾಖಲೆ ಕೇಳಿ ಪಡೆದು ಗ್ರಾಮಸಭೆಯಲ್ಲಿ ಓದಿಸಿ. ಶಾಲೆಯ ಅಂಗಳದಲ್ಲೊಂದು ಸಾದಾ ಮಾಪಕವಿಟ್ಟು ಮಕ್ಕಳಿಂದ ದಿನವೂ 8.30ಕ್ಕೆ ಬರೆಸಿದರೆ ಸ್ವಯಂಚಾಲಿತ ಯಂತ್ರದ ತಪ್ಪು ಹಿಡಿಯಲು ಊರಿಗೇ ಒಂದು ಸಾಕ್ಷಿ ಸಿಗುತ್ತದೆ. ಮಳೆಯನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಯ ಲೆಕ್ಕ ಸರಿಯಾಗಿರುವಂತೆ ನೋಡಿಕೊಳ್ಳುವುದು ಖಂಡಿತ ನಮ್ಮ ಕೈಯಲ್ಲಿದೆ.