ನುಚ್ಚಿಗಲ್ಲ, ಗುಬ್ಬಿಗೆ ಬಂದ ಹಕ್ಕಿ

ಮಕ್ಕಳೇ, ಶಾಲೆಯ ಅಂಗಳದಲ್ಲಿ ಹಾಕಿದ ನುಚ್ಚನ್ನು ಗುಬ್ಬಿಗಳು ಹೆಕ್ಕುತ್ತಿರುತ್ತವೆ. ಅಳಿಲೊಂದು ಚೀರುತ್ತದೆ. ಮರುಕ್ಷಣ ಅಂಗಳ ಖಾಲಿ! ಆಗ ಮರದ ಎಲೆಗಳ ಮರೆಯನ್ನು ನೋಡಿ. ಪಾರಿವಾಳದ ಗಾತ್ರದ ಹಕ್ಕಿ ಕುಳಿತಿದ್ದರೆ ಅದು ಶಿಕ್ರಾ ಎಂಬ ಸಣ್ಣ ಗಿಡುಗ ಇರಬಹುದು.

ಶಿಕ್ರಾದ ಬೆನ್ನು ಬೂದು ಬಣ್ಣ. ಬಿಳಿ ಎದೆಯ ಮೇಲೆ ಕಂದುಗೆಂಪಿನ ಸಣ್ಣ ಅಡ್ಡಗೆರೆಗಳು. ಗಂಟಲಿನ ನಡುವೆ ಒಂದು ಬೂದು ಉದ್ದಗೆರೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ. ಗಾತ್ರದಲ್ಲಿ ಹೆಣ್ಣೇ ದೊಡ್ಡದು. ಎಳೆಯ ಹಕ್ಕಿಯ ಬೆನ್ನು ಕಂದು, ಎದೆಯ ಮೇಲೆ ಉದ್ದುದ್ದ ಕಂದು ಮಚ್ಚೆಗಳು. ಹಾಗಾಗಿ ಅನೇಕರು ಅದನ್ನು ಬೇರೆ ಜಾತಿಯೆಂದೇ ತಿಳಿಯುತ್ತಾರೆ.

ಇನ್ನೊಂದು ತೊಡಕಿದೆ. ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುವ ಕೋಗಿಲೆ ಜಾತಿಯ ಹಕ್ಕಿಯೊಂದು ಬಣ್ಣ, ಹಾರಾಟ ಎರಡರಲ್ಲೂ ಶಿಕ್ರಾದಂತೆಯೇ! ಕೊಕ್ಕು, ಕಾಲು ನೋಡಿದರೆ ಗುಟ್ಟು ತಿಳಿಯುತ್ತದೆ. ಶಿಕ್ರಾದ ಕೊಕ್ಕು ಕೊಕ್ಕೆಯಂತೆ ಬಾಗಿದೆ, ಉಗುರುಗಳು ಚೂಪು. ಇದರ ಕೊಕ್ಕು ಅಷ್ಟು ಬಾಗಿಲ್ಲ, ಕಾಲುಗಳು ದುರ್ಬಲ. ಕಂಬಳಿಹುಳು ತಿನ್ನುವ ಇದು ಗುಬ್ಬಿಯ ತಂಟೆಗೆ ಹೋಗುವುದಿಲ್ಲ.

ಶಿಕ್ರಾಗೆ ಕಲ್ಲು ಹೊಡೆಯಬೇಡಿ. ಓತಿಕ್ಯಾತ, ಇಲಿ, ಮಿಡತೆಗಳೂ ಅದರ ಆಹಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಗುಬ್ಬಿಗಳ ಬಗ್ಗೆ ಮರುಕವಾದರೆ ನಾಲ್ಕೈದು ದಿನ ನುಚ್ಚು ಹಾಕಬೇಡಿ. ಆಮೇಲೆ ಬೇಲಿಯ ಪೊದೆಯ ಹತ್ತಿರ ಹಾಕಿ. ಗುಬ್ಬಿಗಳಿಗೆ ನುಸುಳಿಕೊಳ್ಳಲು ಜಾಗ ಸಿಗುತ್ತದೆ.