ಮಕ್ಕಳು ಬೇರೆ ಮಾಡಿದ ಜೋಡಿ

ಹಾಲಿವುಡ್ ಚಿತ್ರಗಳಲ್ಲಿ ಮದುವೆ ಸಾಮಾನ್ಯವಾಗಿ ಕೊನೆಯ ರೀಲಿನ ಸಂಗತಿ. ಲಿಯೊ ಮೆಕೇರಿ ನಿರ್ದೇಶನದ 'ಮೇಕ್ ವೇ ಫಾರ್ ಟುಮಾರೊ' (1937) ಶುರುವಾಗುವುದೇ ಮದುವೆಯಾಗಿ 50 ವರ್ಷ ಕಳೆದ ಮೇಲೆ. ಸಾಲ ತೀರದೆ ಬಾರ್ಕ್ ಮತ್ತು ಲೂಸಿ ದಂಪತಿಯ ಮನೆ ಬ್ಯಾಂಕಿನ ಪಾಲಾಗುತ್ತದೆ. ಐವರು ಮಕ್ಕಳಿದ್ದರೂ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವವರಿಲ್ಲ. ಅಪ್ಪ ಮಗಳ ಮನೆಗೆ, ಅಮ್ಮ ಮಗನ ಮನೆಗೆ. ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ನೋಡಿದವರಿಗೆ ಈ ಸಂಕಟ ಹೊಸದೇನಲ್ಲ.

ಸೊಸೆ ಇಸ್ಪೀಟಿನ ಬ್ರಿಡ್ಜ್ ಆಟ ಕಲಿಸಿ ನಾಲ್ಕು ಕಾಸು ಸಂಪಾದಿಸುವವಳು. ಪಾಠ ನಡೆದಿರುವಾಗಲೇ ಬಾರ್ಕ್‌ನ ಫೋನ್ ಬರುತ್ತದೆ. ಲೂಸಿ ತುಂಬಿದ ಕೋಣೆಯಲ್ಲಿ ಗಟ್ಟಿಯಾಗಿ ಗಂಡನ ಯೋಗಕ್ಷೇಮ ವಿಚಾರಿಸುತ್ತಾಳೆ. ಮೊದಲು ಕಿರಿಕಿರಿಪಟ್ಟ ಅತಿಥಿಗಳು ಆಮೇಲೆ ಮಾತಿಲ್ಲದೆ ಕೂರುತ್ತಾರೆ. ಸೊಸೆಯೂ ಕೆಟ್ಟವಳಲ್ಲ, ಅವಳ ಕಷ್ಟವೂ ನಿಜವೇ. ಖಳರಿಲ್ಲದ ಕಾರಣಕ್ಕೇ ಈ ಚಿತ್ರ ಇಷ್ಟು ಚುಚ್ಚುತ್ತದೆ.

ಕೊನೆಗೆ ಬಾರ್ಕ್‌ನನ್ನು ಕ್ಯಾಲಿಫೋರ್ನಿಯಾದ ಮಗಳ ಬಳಿ ಕಳಿಸುವುದೆಂದಾಗುತ್ತದೆ. ಲೂಸಿಗೆ ವೃದ್ಧಾಶ್ರಮ. ಅದು ಗಂಡನಿಗೆ ತಿಳಿಯಬಾರದೆಂದು ಅವಳೇ ಮಗನನ್ನು ಕೇಳಿಕೊಳ್ಳುತ್ತಾಳೆ. ರೈಲಿಗೆ ಇನ್ನು ಕೆಲವೇ ಗಂಟೆ. ಮಕ್ಕಳು ಸಿದ್ಧಪಡಿಸಿದ ಊಟಕ್ಕೆ ಹೋಗದೆ, ಮಧುಚಂದ್ರಕ್ಕೆ ಇಳಿದಿದ್ದ ನ್ಯೂಯಾರ್ಕಿನ ಹೋಟೆಲಿಗೆ ಇಬ್ಬರೂ ಹೋಗುತ್ತಾರೆ. ಹೊಸ ಕುಣಿತದ ಗತಿಗೆ ತಬ್ಬಿಬ್ಬಾಗಿ ನಿಂತ ಮುದುಕರನ್ನು ಕಂಡು ವಾದ್ಯವೃಂದದ ಮುಖ್ಯಸ್ಥ ಹಳೆಯ ವಾಲ್ಟ್ಜ್ ನುಡಿಸುತ್ತಾನೆ.

ಸುಖಾಂತ್ಯ ಬೇಕೆಂದ ಪ್ಯಾರಾಮೌಂಟ್ ಸಂಸ್ಥೆಗೆ ಮೆಕೇರಿ ಮಣಿಯಲಿಲ್ಲ. ಚಿತ್ರ ಸೋತಿತು, ಅವರ ಕೆಲಸವೂ ಹೋಯಿತು. ಅದೇ ವರ್ಷದ ಹಾಸ್ಯಚಿತ್ರ 'ದಿ ಆಫುಲ್ ಟ್ರುತ್'ಗೆ ಆಸ್ಕರ್ ಬಂದಾಗ, ತಪ್ಪು ಚಿತ್ರಕ್ಕೆ ಕೊಟ್ಟಿರಿ ಎಂದರಂತೆ. ಅಂದಹಾಗೆ, ಲೂಸಿಯಾಗಿ ನಟಿಸಿದ ಬ್ಯೂಲಾ ಬಾಂಡಿಗೆ ಆಗಿನ್ನೂ 50 ತುಂಬಿರಲಿಲ್ಲ.